ಸೂರಿನಡಿಯ ತರಕಾರಿ: ಕೊಡಗಿನ ಚಿಕ್ಕ ಮನೆಗಳಿಗೆ ಕುಂಡದ ಕೈತೋಟದ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ತಾರಸಿಗಾಗಿ ಬರೆದ ಸಲಹೆಯನ್ನು ಮಡಿಕೇರಿಯ ಅಂಗಳದಲ್ಲಿ ಪಾಲಿಸಿದರೆ ಗಿಡ ಜುಲೈ ದಾಟುವುದಿಲ್ಲ. ಮೊದಲ ವರ್ಷ ನನ್ನ ಗಿಡಗಳೂ ದಾಟಲಿಲ್ಲ. ಮೇ ತಿಂಗಳಲ್ಲಿ ಹನ್ನೊಂದು ಕುಂಡಗಳಲ್ಲಿ ಟೊಮೆಟೊ, ನಾಲ್ಕರಲ್ಲಿ ದೊಣ್ಣೆಮೆಣಸು ನೆಟ್ಟಿದ್ದೆ. ಜೂನ್ ಮೂರನೇ ವಾರಕ್ಕೆ ಎಲೆಗಳ ಮೇಲೆ ನೀರುಗಟ್ಟಿದಂಥ ಕಂದು ಮಚ್ಚೆ ಕಾಣಿಸಿತು. ಹದಿನೈದು ದಿನಗಳಲ್ಲಿ ಕಾಂಡ ಕಪ್ಪಾಗಿ, ಕಾಯಿ ಕಟ್ಟುವ ಮೊದಲೇ ಎಲ್ಲವೂ ಮಲಗಿದವು. ನಾನು ಗಿಡಗಳಿಗೆ ಏನು ಕಡಿಮೆ ಮಾಡಿದೆ ಎಂದು ಹುಡುಕುತ್ತಿದ್ದೆ. ನಿಜದಲ್ಲಿ ಒಂದು ಹೆಚ್ಚಾಗಿತ್ತು: ನೀರು.

ಕೊಡಗಿನಲ್ಲಿ ಕುಂಡದ ಕೃಷಿ ಮಾಡುವವರು ಮೊದಲು ಕಲಿಯಬೇಕಾದದ್ದು ನೀರನ್ನು ಹೊರಗೆ ಕಳುಹಿಸುವುದನ್ನು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಅದೇ ಮೂವತ್ತು ಕಿಲೋಮೀಟರ್ ಇಳಿದು ಕುಶಾಲನಗರಕ್ಕೆ ಹೋದರೆ ಮಳೆ ಅರ್ಧವೂ ಇಲ್ಲ, ಬಿಸಿಲು ಧಾರಾಳ. ಒಂದೇ ಜಿಲ್ಲೆಯ ಎರಡು ಊರಿಗೆ ಒಂದೇ ಸಲಹೆ ಹೊಂದುವುದಿಲ್ಲ. ನಾನು ಇಲ್ಲಿ ಹೇಳುತ್ತಿರುವುದು ಹೆಚ್ಚಾಗಿ ಮಡಿಕೇರಿ, ನಾಪೋಕ್ಲು, ಭಾಗಮಂಡಲ, ಸೋಮವಾರಪೇಟೆಯ ಮಲೆನಾಡು ಭಾಗದವರಿಗೆ. ಕುಶಾಲನಗರದವರಿಗೆ ಎಲ್ಲಿ ಬೇರೆ ಕ್ರಮ ಬೇಕೋ ಅಲ್ಲಲ್ಲಿ ಹೇಳುತ್ತೇನೆ.

ನಮ್ಮ ಮನೆ ಇಳಿಜಾರಿನಲ್ಲಿದೆ. ಹಿತ್ತಿಲೆಂಬುದು ಇಲ್ಲ. ಹತ್ತು ಅಡಿ ಉದ್ದದ ಜಗಲಿ, ಮನೆಯ ದಕ್ಷಿಣದ ಗೋಡೆಯ ಪಕ್ಕ ಮೂರಡಿ ಅಗಲದ ಓಣಿ, ಮೇಲೆ ತಗಡಿನ ಮಾಡು ಹೊದಿಸಿದ ತಾರಸಿ, ಇಷ್ಟೇ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದಾಗ ಪೇಟೆಗೆ ಹೋಗುವ ಧೈರ್ಯವೇ ಇರಲಿಲ್ಲ. ಆ ದಿನಗಳಲ್ಲಿ ಜಗಲಿಯ ಬಸಳೆ, ಕೆಸ, ನಾಲ್ಕು ಗಾಂಧಾರಿ ಮೆಣಸು ನಮ್ಮ ಊಟವನ್ನು ನಡೆಸಿದವು. ಅಂದಿನಿಂದ ಈ ಕೆಲಸವನ್ನು ಹವ್ಯಾಸ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಜಾಗವನ್ನು ಒಂದು ವಾರ ನೋಡಿ

ಕುಂಡ ಕೊಳ್ಳುವ ಮೊದಲು ಬಿಸಿಲನ್ನು ಲೆಕ್ಕ ಹಾಕಿ. ಬೆಳಿಗ್ಗೆ ಎಂಟು, ಹತ್ತು, ಹನ್ನೆರಡು, ಎರಡು, ನಾಲ್ಕು ಗಂಟೆಗೆ ಎಲ್ಲೆಲ್ಲಿ ನೇರ ಬಿಸಿಲು ಬೀಳುತ್ತದೆ ಎಂದು ಸೀಮೆಸುಣ್ಣದಲ್ಲಿ ಗುರುತು ಮಾಡಿ. ಟೊಮೆಟೊ, ಬದನೆ, ಮೆಣಸಿನಕಾಯಿ, ಬೀನ್ಸ್, ಬೆಂಡೆಯಂಥ ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ ಕನಿಷ್ಠ ಐದಾರು ಗಂಟೆ ಬಿಸಿಲು ಬೇಕು. ಸೊಪ್ಪಿಗೆ ಮೂರು ನಾಲ್ಕು ಗಂಟೆ ಸಾಕು. ಒಂದೆಲಗ, ದೊಡ್ಡಪತ್ರೆ, ಕೆಸ ಇನ್ನೂ ಕಡಿಮೆಯಲ್ಲಿ ಬದುಕುತ್ತವೆ. ಈ ಗುರುತನ್ನು ನವೆಂಬರ್‌ನಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ ಮಾಡಬೇಕು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ದಕ್ಷಿಣದ ಗೋಡೆಯ ಪಕ್ಕ ಇಡೀ ದಿನ ಬಿಸಿಲು ಸಿಗುತ್ತದೆ, ಬೇಸಿಗೆಯಲ್ಲಿ ಅದೇ ಜಾಗ ನೆತ್ತಿಯ ಮೇಲಿನ ಸೂರಿನ ನೆರಳಿಗೆ ಬೀಳಬಹುದು.

ಇನ್ನೊಂದು ಗೆರೆ ಬಿಸಿಲಿನಷ್ಟೇ ಮುಖ್ಯ: ಸೂರಿನ ನೀರು ನೆಲಕ್ಕೆ ಬೀಳುವ ಗೆರೆ. ಆ ಗೆರೆಯ ಕೆಳಗೆ ಇಟ್ಟ ಕುಂಡದ ಮಣ್ಣು ಒಂದೇ ರಾತ್ರಿಯಲ್ಲಿ ತೊಳೆದು ಹೋಗಿ ಬೇರು ಬರಿದಾಗುತ್ತದೆ. ಗೆರೆಯಿಂದ ಒಳಕ್ಕೆ ಒಂದೂವರೆ ಅಡಿ ಬಿಟ್ಟು ಕುಂಡದ ಸಾಲು ಇರಲಿ. ಎರಚಲು ಮಳೆ ಹೊಡೆಯುವ ಪಶ್ಚಿಮ ದಿಕ್ಕಿನ ಜಗಲಿಯಾದರೆ ಇನ್ನೂ ಒಳಗೆ.

ಕೊಡಗಿನಲ್ಲಿ ಕಾಂಕ್ರೀಟು ತಾರಸಿಯ ಮೇಲೂ ಮಳೆ ತಡೆಯಲು ತಗಡಿನ ಮಾಡು ಹಾಕಿಸುವುದು ಸಾಮಾನ್ಯ. ಅದು ಕತ್ತಲೆ, ತರಕಾರಿಗೆ ಆಗದು ಎಂದು ಬಿಟ್ಟುಬಿಡಬೇಡಿ. ಪೂರ್ವ ಅಥವಾ ದಕ್ಷಿಣದ ಬದಿಯ ಎರಡು ತಗಡು ತೆಗೆದು ಪಾರದರ್ಶಕ ಶೀಟು ಹಾಕಿಸಿದರೆ ಮಳೆಯಿಲ್ಲದ, ಬೆಳಕಿರುವ ಒಂದು ಪುಟ್ಟ ಕೋಣೆ ಸಿಗುತ್ತದೆ. ಈ ಕೆಲಸಕ್ಕೆ ನಾನು ಮಾಡಿದ ಖರ್ಚು ಉಳಿದೆಲ್ಲ ಖರ್ಚಿಗಿಂತ ಹೆಚ್ಚು ಫಲ ಕೊಟ್ಟಿದೆ. ತೂಕದ ಬಗ್ಗೆ ಮಾತ್ರ ಎಚ್ಚರ ಬೇಕು. ಹದಿನೈದು ಅಂಗುಲದ ತುಂಬಿದ ಚೀಲ ಒದ್ದೆಯಾದಾಗ ಐವತ್ತು ಕಿಲೋ ತೂಗಬಹುದು. ಭಾರವಾದವುಗಳನ್ನು ಗೋಡೆಯ ಅಥವಾ ತೊಲೆಯ ಮೇಲೆ ಬರುವಂತೆ ಅಂಚಿನಲ್ಲಿ ಇಡಿ, ನಡುವೆ ಗುಡ್ಡೆ ಹಾಕಬೇಡಿ.

ಯಾವುದರಲ್ಲಿ ಬೆಳೆಯುವುದು

ಅಂಗಡಿಯ ಚಂದದ ಕುಂಡ ಬೇಕೇ ಇಲ್ಲ. ಗೋಡೆಗೆ ಹಚ್ಚುವ ಬಣ್ಣ ಖಾಲಿಯಾದ ಇಪ್ಪತ್ತು ಲೀಟರಿನ ಬಕೆಟ್ಟು ಟೊಮೆಟೊ ಅಥವಾ ಬದನೆಯ ಒಂದು ಗಿಡಕ್ಕೆ ಸರಿಯಾದ ಮನೆ. ಹನ್ನೆರಡು ಅಂಗುಲ ಅಗಲ, ಹನ್ನೆರಡು ಅಂಗುಲ ಎತ್ತರದ ಗ್ರೋ ಬ್ಯಾಗಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಮಣ್ಣು ಹಿಡಿಯುತ್ತದೆ. ಮೆಣಸಿನಕಾಯಿಗೆ ಹತ್ತು ಲೀಟರ್ ಸಾಕು. ಸಸಿ ಮಾಡಲು ಕಾಫಿ ನರ್ಸರಿಯ ಒಂಬತ್ತು-ಆರು ಅಂಗುಲದ ಪ್ಲಾಸ್ಟಿಕ್ ಚೀಲಗಳು ನಮ್ಮಲ್ಲಿ ಎಲ್ಲಿ ಬೇಕಾದರೂ ಸಿಗುತ್ತವೆ.

ಸೊಪ್ಪಿಗೆ ನನ್ನ ಮೊದಲ ಆಯ್ಕೆ ಮೀನಿನ ಥರ್ಮೋಕೋಲ್ ಪೆಟ್ಟಿಗೆ. ಕರಾವಳಿಯಿಂದ ಐಸ್ ತುಂಬಿಕೊಂಡು ಬರುವ ಈ ಪೆಟ್ಟಿಗೆಗಳು ಮಾರುಕಟ್ಟೆಯಲ್ಲಿ ಕಡಿಮೆ ಬೆಲೆಗೆ, ಕೆಲವೊಮ್ಮೆ ಸುಮ್ಮನೆಯೂ ಸಿಗುತ್ತವೆ. ಎರಡು ದಿನ ಬಿಸಿಲಿಗೆ ಹಾಕಿ, ಸೋಪಿನ ನೀರಿನಲ್ಲಿ ಉಜ್ಜಿ ತೊಳೆದರೆ ವಾಸನೆಯೂ ಉಪ್ಪೂ ಹೋಗುತ್ತವೆ. ಹಗುರ, ಜನವರಿಯ ಚಳಿಯಲ್ಲೂ ಬೇರು ಬೆಚ್ಚಗಿರುತ್ತದೆ. ಮೂರು ವರ್ಷ ಬಾಳುತ್ತವೆ.

ರಂಧ್ರಗಳನ್ನು ಜಿಪುಣತನದಿಂದ ಮಾಡಬೇಡಿ. ಬಕೆಟ್ಟಿನ ತಳದಲ್ಲಿ ಕಿರುಬೆರಳು ತೂರುವಷ್ಟು ದಪ್ಪದ ಆರು, ತಳದಿಂದ ಒಂದು ಅಂಗುಲ ಮೇಲೆ ಸುತ್ತ ಇನ್ನೂ ನಾಲ್ಕು. ಪಕ್ಕದ ರಂಧ್ರ ಏಕೆಂದರೆ, ಮಳೆಗಾಲದಲ್ಲಿ ತಳ ನೆಲಕ್ಕೆ ಅಂಟಿಕೊಂಡು ಕೆಳಗಿನವು ಮುಚ್ಚಿಹೋಗುತ್ತವೆ. ಪ್ರತಿ ಕುಂಡವನ್ನೂ ಎರಡು ಇಟ್ಟಿಗೆಯ ಮೇಲೆ ಎತ್ತಿ ಇಡಿ.

ತಳಕ್ಕೆ ಜಲ್ಲಿ ತುಂಬುವ ರೂಢಿಯೊಂದಿದೆ. ನೀರು ಬೇಗ ಇಳಿಯಲಿ ಎಂಬುದು ಅದರ ಉದ್ದೇಶ, ಆಗುವುದು ಮಾತ್ರ ತಿರುಗಾಮುರುಗಾ. ನಯವಾದ ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ದಾಟುವುದಿಲ್ಲ. ಮಣ್ಣು ಪೂರ್ತಿ ನೆನೆದು ತುಂಬಿದ ಮೇಲಷ್ಟೇ ಹನಿ ಕೆಳಗಿಳಿಯುತ್ತದೆ. ಅಂದರೆ ಜಲ್ಲಿ ಹಾಕಿದಷ್ಟು ಎತ್ತರಕ್ಕೆ ಒದ್ದೆ ಪದರವನ್ನು ನೀವೇ ಬೇರಿನ ಹತ್ತಿರಕ್ಕೆ ತಂದಂತಾಯಿತು. ಇದನ್ನು ಕಣ್ಣಾರೆ ನೋಡಬೇಕಾದರೆ ಪಾತ್ರೆ ತೊಳೆಯುವ ಸ್ಪಂಜನ್ನು ನೀರಿನಲ್ಲಿ ಅದ್ದಿ ಅಡ್ಡವಾಗಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಉದ್ದಕ್ಕೆ ನಿಲ್ಲಿಸಿ ಹಿಡಿಯಿರಿ, ಮತ್ತೆ ನೀರು ಸುರಿಯುತ್ತದೆ. ಎತ್ತರ ಹೆಚ್ಚಿದ್ದಷ್ಟೂ ನೀರು ಚೆನ್ನಾಗಿ ಬಸಿಯುತ್ತದೆ. ಹಾಗಾಗಿ ಮಳೆಗಾಲದ ಗಿಡಕ್ಕೆ ಎತ್ತರದ ಪಾತ್ರೆ, ಬೇಸಿಗೆಯ ಸೊಪ್ಪಿಗೆ ಅಗಲದ ಪಾತ್ರೆ. ರಂಧ್ರದ ಮೇಲೆ ಒಡೆದ ಹೆಂಚಿನ ಒಂದು ಚೂರನ್ನು ಬೋರಲು ಹಾಕಿದರೆ ಸಾಕು.

ಮಣ್ಣು

ಮನೆ ಕಟ್ಟಲು ಗುಡ್ಡ ಕಡಿದಾಗ ಸಿಗುವ ಮಣ್ಣನ್ನು ಕುಂಡಕ್ಕೆ ತುಂಬಬೇಡಿ. ನೋಡಲು ಕೆಂಪಗೆ, ಚೆನ್ನಾಗಿಯೇ ಇರುತ್ತದೆ. ಆದರೆ ಅದು ಹತ್ತಾರು ಅಡಿ ಆಳದ ಅಡಿಮಣ್ಣು, ಅದರಲ್ಲಿ ಜೀವವಿಲ್ಲ. ಒದ್ದೆಯಾದರೆ ಜೇಡಿಯಂತೆ ಅಂಟು, ಒಣಗಿದರೆ ಇಟ್ಟಿಗೆ. ಬೇಕಾದದ್ದು ತೋಟದ ಮೇಲಿನ ಅರ್ಧ ಅಡಿ ಮಣ್ಣು, ಅದೂ ಕಳೆನಾಶಕ ಹೊಡೆಯದ ಜಾಗದ್ದು. ತೋಟವಿರುವ ಬಂಧುಗಳನ್ನು ನಾಲ್ಕು ಚೀಲ ಕೇಳಿದರೆ ಇಲ್ಲವೆನ್ನುವುದಿಲ್ಲ.

ಮಲೆನಾಡು ಭಾಗಕ್ಕೆ ನನ್ನ ಅಳತೆ ಹೀಗೆ: ಮೇಲ್ಮಣ್ಣು ಎರಡು ಬುಟ್ಟಿ, ಚೆನ್ನಾಗಿ ಕಳಿತ ಹಟ್ಟಿ ಗೊಬ್ಬರ ಅಥವಾ ಎರೆಗೊಬ್ಬರ ಎರಡು ಬುಟ್ಟಿ, ಸುಟ್ಟ ಭತ್ತದ ಉಮಿ ಅಥವಾ ದಪ್ಪ ಮರಳು ಎರಡು ಬುಟ್ಟಿ. ತೆಂಗಿನ ನಾರಿನ ಪುಡಿಯನ್ನು ಮಳೆಗಾಲದ ಕುಂಡಗಳಿಗೆ ಹಾಕುವುದೇ ಇಲ್ಲ, ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ. ಕುಶಾಲನಗರ, ಹೆಬ್ಬಾಲೆ ಕಡೆಯವರು ಮಣ್ಣು, ಗೊಬ್ಬರ, ನಾರಿನ ಪುಡಿ ಸಮಸಮ ಹಾಕಬಹುದು. ಅಲ್ಲಿ ಮಾರ್ಚ್ ತಿಂಗಳ ಒಣಹವೆಗೆ ಅದು ಅವಶ್ಯ. ಎಂ-ಸ್ಯಾಂಡ್ ಬಳಸುವವರು ಎರಡು ಸಲ ತೊಳೆದು ಧೂಳು ತೆಗೆಯಿರಿ, ಇಲ್ಲದಿದ್ದರೆ ಆ ಧೂಳು ಸಿಮೆಂಟಿನಂತೆ ಗಟ್ಟಿಯಾಗುತ್ತದೆ.

ಕಲಸಿದ ಮಿಶ್ರಣವನ್ನು ಪರೀಕ್ಷಿಸಲು ಒಂದು ಹಿಡಿ ಒದ್ದೆ ಮಾಡಿ ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಸುಕಿ. ಕೈ ಬಿಡಿಸಿದಾಗ ಉಂಡೆ ನಿಲ್ಲಬೇಕು, ಬೆರಳಿನಿಂದ ಮುಟ್ಟಿದರೆ ಪುಡಿಯಾಗಬೇಕು. ಮುಟ್ಟಿದರೂ ಉಂಡೆಯಾಗಿಯೇ ಉಳಿದರೆ ಇನ್ನಷ್ಟು ಉಮಿ ಸೇರಿಸಿ. ಆಮೇಲೆ ತುಂಬಿದ ಕುಂಡಕ್ಕೆ ಒಂದು ಚೊಂಬು ನೀರು ಹೊಯ್ಯಿರಿ. ಒಂದೆರಡು ನಿಮಿಷದಲ್ಲಿ ಮೇಲ್ಮೈ ಮೇಲೆ ನೀರು ಕಾಣದಂತೆ ಇಂಗಿ ಕೆಳಗೆ ಹನಿಯಲು ಶುರುವಾಗಬೇಕು.

ನಮ್ಮ ಮಣ್ಣು ಹುಳಿ. ಇಷ್ಟು ಮಳೆ ಸುಣ್ಣದಂಶವನ್ನೆಲ್ಲ ತೊಳೆದುಕೊಂಡು ಹೋಗುತ್ತದೆ, ಅದಕ್ಕೇ ಕಾಫಿ ಬೆಳೆಗಾರರು ತೋಟಕ್ಕೆ ಕೃಷಿ ಸುಣ್ಣ ಹಾಕುತ್ತಾರೆ. ತರಕಾರಿ ಕಾಫಿಗಿಂತಲೂ ಹುಳಿಯನ್ನು ಕಡಿಮೆ ಸಹಿಸುತ್ತದೆ. ಇಪ್ಪತ್ತು ಲೀಟರಿನ ಕುಂಡಕ್ಕೆ ಎರಡು ದೊಡ್ಡ ಚಮಚ ಕೃಷಿ ಸುಣ್ಣ ಅಥವಾ ಡೋಲಮೈಟ್ ಬೆರೆಸಿ, ಎರಡು ವಾರ ತೇವದಲ್ಲಿ ಬಿಟ್ಟು ಆಮೇಲೆ ನೆಡಿ. ಬಚ್ಚಲ ಒಲೆಯ ಬೂದಿ ಇದ್ದರೆ ಅದೂ ಹುಳಿಯನ್ನು ತಗ್ಗಿಸುತ್ತದೆ, ಜೊತೆಗೆ ಪೊಟ್ಯಾಷ್ ಕೊಡುತ್ತದೆ. ಎರಡನ್ನೂ ಒಟ್ಟಿಗೆ ಹಾಕಬೇಡಿ. ಬೂದಿಯನ್ನು ಹಸಿ ಸಗಣಿಯ ಜೊತೆ ಬೆರೆಸಲೂಬೇಡಿ, ಸಾರಜನಕ ಗಾಳಿಗೆ ಹಾರಿಹೋಗುತ್ತದೆ.

ಕಾಫಿಯ ತ್ಯಾಜ್ಯದ ಬಗ್ಗೆ ಒಂದು ಮಾತು. ಪಲ್ಪಿಂಗ್ ಮಾಡಿದಾಗ, ಅಂದರೆ ಕಾಫಿ ಹಣ್ಣನ್ನು ಯಂತ್ರದಲ್ಲಿ ಸುಲಿದಾಗ, ಬರುವ ಹಸಿ ಸಿಪ್ಪೆ ಉಚಿತವಾಗಿ ಸಿಗುತ್ತದೆಂದು ನೇರವಾಗಿ ಕುಂಡಕ್ಕೆ ತುಂಬಿದವರ ಸಸಿಗಳು ಹಳದಿಯಾಗಿ ನಿಂತುಬಿಟ್ಟದ್ದನ್ನು ಕಂಡಿದ್ದೇನೆ. ಅದರಲ್ಲಿ ಕೆಫೀನ್ ಮತ್ತು ಒಗರು ಇರುತ್ತವೆ. ಸಗಣಿ, ಒಣ ಎಲೆಯ ಜೊತೆ ಪದರ ಪದರವಾಗಿ ಹಾಕಿ ಐದಾರು ತಿಂಗಳು ಕಳಿಸಿದರೆ ಅದೇ ಸಿಪ್ಪೆ ಚಿನ್ನದಂಥ ಗೊಬ್ಬರ. ಮನೆಯ ಕಾಫಿ ಚರಟಕ್ಕೂ ಇದೇ ನಿಯಮ, ಗೊಬ್ಬರದ ಬಕೆಟ್ಟಿಗೆ ಹಾಕಿ, ಗಿಡದ ಬುಡಕ್ಕೆ ಸುರಿಯಬೇಡಿ.

ಯಾವ ತಿಂಗಳು ಏನು

ಕೊಡಗಿನ ಕುಂಡದ ತೋಟಕ್ಕೆ ಹೊಸ ವರ್ಷ ಶುರುವಾಗುವುದು ತುಲಾ ಸಂಕ್ರಮಣಕ್ಕೆ, ಅಕ್ಟೋಬರ್ ಮಧ್ಯಕ್ಕೆ. ಹೊಸದಾಗಿ ಆರಂಭಿಸುವವರು ಆ ಹೊತ್ತಿಗೆ ಕಾಯಿರಿ. ಆ ಸಂಕ್ರಮಣದಿಂದ ಫೆಬ್ರವರಿ ಕೊನೆಯವರೆಗೆ ಬಿಸಿಲು ಹದವಾಗಿರುತ್ತದೆ, ರಾತ್ರಿ ತಂಪು, ಕೀಟ ಕಡಿಮೆ. ಬೀನ್ಸ್, ಬಟಾಣಿ, ಮೂಲಂಗಿ, ಕ್ಯಾರೆಟ್, ಬೀಟ್‌ರೂಟ್, ನವಿಲುಕೋಸು, ಎಲೆಕೋಸು, ಟೊಮೆಟೊ, ಕೊತ್ತಂಬರಿ, ಮೆಂತ್ಯ, ಪಾಲಕ್ ಎಲ್ಲವೂ ಆಗುತ್ತವೆ. ಬಯಲುಸೀಮೆಯವರು ಆಸೆಪಡುವಂಥ ಚಳಿ ನಮಗೆ ಪುಕ್ಕಟೆಯಾಗಿ ಸಿಗುತ್ತದೆ, ಅದನ್ನು ವ್ಯರ್ಥ ಮಾಡಬಾರದು.

ಮೊದಲ ವರ್ಷಕ್ಕೆ ಹನ್ನೆರಡು ಪಾತ್ರೆ ಸಾಕು. ನಾಲ್ಕು ಮೀನಿನ ಪೆಟ್ಟಿಗೆಗಳಲ್ಲಿ ಸೊಪ್ಪು ಮತ್ತು ಮೂಲಂಗಿ, ಮೂರು ಬಕೆಟ್ಟುಗಳಲ್ಲಿ ಟೊಮೆಟೊ, ಎರಡರಲ್ಲಿ ಬೀನ್ಸ್, ಎರಡರಲ್ಲಿ ಮೆಣಸಿನಕಾಯಿ, ಒಂದರಲ್ಲಿ ಬಸಳೆ. ಸೊಪ್ಪಿನ ಪೆಟ್ಟಿಗೆಗಳಿಗೆ ಎಲ್ಲವನ್ನೂ ಒಂದೇ ದಿನ ಬಿತ್ತಬೇಡಿ. ಹತ್ತು ದಿನಕ್ಕೊಂದು ಪೆಟ್ಟಿಗೆ ಬಿತ್ತಿದರೆ ಕೊಯ್ಲೂ ಸರದಿಯಲ್ಲಿ ಬರುತ್ತದೆ. ಕೊತ್ತಂಬರಿ ಬೀಜವನ್ನು ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ ಒಂದು ರಾತ್ರಿ ನೆನೆಸಿ. ಕ್ಯಾರೆಟ್ ಸಸಿಯನ್ನು ಕಿತ್ತು ನೆಡಬಾರದು, ಇರುವ ಜಾಗದಲ್ಲೇ ಬಿತ್ತಬೇಕು. ಮೂಲಂಗಿ ನಲವತ್ತು ದಿನಕ್ಕೆ ಬರುತ್ತದೆ, ಹೆಚ್ಚು ಬಿಟ್ಟರೆ ಬೆಂಡು. ಬೀನ್ಸ್‌ನಲ್ಲಿ ಬಳ್ಳಿಯಾಗಿ ಹಬ್ಬದ ಗಿಡ್ಡ ತಳಿ ಕುಂಡಕ್ಕೆ ಸರಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕೋಮಲ್ ಅಂಥದ್ದು, ಸುಮಾರು ಐವತ್ತು ದಿನಕ್ಕೆ ಕೊಯ್ಲಿಗೆ ಬರುತ್ತದೆ. ಆ ಸಂಸ್ಥೆಯ ಕೇಂದ್ರ ನಮ್ಮ ಚೆಟ್ಟಳ್ಳಿಯಲ್ಲೇ ಇದೆ, ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ಇದೆ. ತಳಿಯ ಬಗ್ಗೆ, ರೋಗದ ಬಗ್ಗೆ ಸಂಶಯ ಬಂದರೆ ಅಲ್ಲಿಯೇ ಕೇಳುವುದು ಒಳ್ಳೆಯದು.

ಮಾರ್ಚ್‌ನಿಂದ ಮೇವರೆಗೆ ಬೆಂಡೆ, ಬದನೆ, ಅಲಸಂದೆ, ಸೌತೆ, ಹರಿವೆಯ ಕಾಲ. ಕಾಫಿಗೆ ಹೂಮಳೆ ಬಿದ್ದ ವಾರವೇ ಅಲಸಂದೆ ಬಿತ್ತುತ್ತೇನೆ, ಗಾಳಿಯ ತೇವಕ್ಕೆ ಬೀಜ ಚೆನ್ನಾಗಿ ಏಳುತ್ತದೆ. ಏಪ್ರಿಲ್ ಕೊನೆಗೆ ಎರಡು ಗೋಣಿಚೀಲಗಳಲ್ಲಿ ಶುಂಠಿ ಹೂಳಿಟ್ಟರೆ ನಮ್ಮ ಸುಗ್ಗಿ ಹಬ್ಬ ಪುತ್ತರಿ (ನವೆಂಬರ್–ಡಿಸೆಂಬರ್) ಕಳೆದ ಮೇಲೆ ಕೀಳಬಹುದು. ಶುಂಠಿ ಗಡ್ಡೆಯನ್ನು ಕೊಳೆರೋಗವಿಲ್ಲದ ತೋಟದಿಂದಲೇ ತನ್ನಿ, ಸಂತೆಯ ಅಡುಗೆ ಶುಂಠಿಯನ್ನು ನಂಬಬೇಡಿ.

ಜೂನ್‌ನಿಂದ ಸೆಪ್ಟೆಂಬರ್ ಬೇರೆಯೇ ಲೋಕ, ಅದನ್ನು ಕೆಳಗೆ ಪ್ರತ್ಯೇಕವಾಗಿ ಹೇಳುತ್ತೇನೆ.

ಟೊಮೆಟೊ: ಬೀಜದಿಂದ ಹಣ್ಣಿನವರೆಗೆ

ಒಂದು ಬೆಳೆಯನ್ನು ಪೂರ್ತಿ ಕಲಿತರೆ ಬದನೆ, ಮೆಣಸಿನಕಾಯಿಗಳೂ ಕೈಗೆ ಬರುತ್ತವೆ. ಸೆಪ್ಟೆಂಬರ್ ಮಧ್ಯಕ್ಕೆ ಪಾರದರ್ಶಕ ಶೀಟಿನ ಕೆಳಗೆ ಬೀಜ ಬಿತ್ತಿ. ಅರ್ಕಾ ರಕ್ಷಕ್ ತಳಿ ಎಲೆ ಮುರುಟು ನಂಜು, ದುಂಡಾಣು ಸೊರಗು, ಆರಂಭಿಕ ಅಂಗಮಾರಿ ಮೂರನ್ನೂ ತಡೆಯುತ್ತದೆ. ಸಂಕರ ತಳಿಯಾದ್ದರಿಂದ ಪ್ರತಿ ವರ್ಷ ಹೊಸ ಬೀಜ ಬೇಕು, ಹಣ್ಣಿನ ಬೀಜ ತೆಗೆದಿಟ್ಟರೆ ಅದೇ ಗುಣ ಬರುವುದಿಲ್ಲ.

ನರ್ಸರಿ ಚೀಲಕ್ಕೆ ಎರಡು ಬೀಜ, ಅರ್ಧ ಸೆಂಟಿಮೀಟರ್ ಆಳ. ಮಣ್ಣಿಗೆ ಟ್ರೈಕೋಡರ್ಮಾ ಎಂಬ ಒಳ್ಳೆಯ ಶಿಲೀಂಧ್ರದ ಪುಡಿ ಒಂದು ಚಿಟಿಕೆ ಬೆರೆಸಿ. ಕಾಳುಮೆಣಸಿನ ಸೊರಗು ರೋಗಕ್ಕೆ ಬಳಸುವ ಆ ಪುಡಿಯೇ. ಅದು ಸಸಿಯ ಕುತ್ತಿಗೆ ಕೊಳೆಯುವುದನ್ನು ತಡೆಯುತ್ತದೆ. ನಾಲ್ಕೆಲೆ ಬಂದಾಗ ದುರ್ಬಲವಾದ ಸಸಿಯನ್ನು ಕತ್ತರಿಯಿಂದ ಕತ್ತರಿಸಿ, ಕೀಳಬೇಡಿ, ಪಕ್ಕದ ಬೇರು ಅಲುಗುತ್ತದೆ. ಇಪ್ಪತ್ತೈದರಿಂದ ಮೂವತ್ತು ದಿನಕ್ಕೆ ಬಕೆಟ್ಟಿಗೆ ವರ್ಗಾಯಿಸಿ. ಆಗ ಕೆಳಗಿನ ಎರಡೆಲೆ ತೆಗೆದು, ಕಾಂಡದ ಆ ಭಾಗವೂ ಮಣ್ಣಿನೊಳಗೆ ಹೋಗುವಂತೆ ಆಳವಾಗಿ ನೆಡಿ. ಹೂತ ಕಾಂಡದಿಂದಲೇ ಹೊಸ ಬೇರು ಹೊರಡುತ್ತದೆ. ಕಾಫಿ ಗಿಡದ ಒಣ ರೆಂಬೆಯನ್ನು ಅಂದೇ ಊರಿ, ಆಮೇಲೆ ಊರಿದರೆ ಬೇರಿಗೆ ಗಾಯ.

ಎಲೆಯ ತೊಟ್ಟು ಮತ್ತು ಕಾಂಡದ ಸಂದಿಯಲ್ಲಿ ಹುಟ್ಟುವ ಮರಿ ಚಿಗುರನ್ನು ವಾರಕ್ಕೊಮ್ಮೆ ಬೆಳಿಗ್ಗೆ ಚಿವುಟಿ ತೆಗೆಯಿರಿ. ಎರಡು ಮುಖ್ಯ ಕಾಂಡ ಮಾತ್ರ ಇರಲಿ. ಮಣ್ಣಿನಿಂದ ಒಂದು ಗೇಣು ಎತ್ತರದವರೆಗೆ ಯಾವ ಎಲೆಯನ್ನೂ ಬಿಡಬೇಡಿ, ನೀರು ಹನಿದು ಮಣ್ಣು ಎಲೆಗೆ ಸಿಡಿದಾಗ ರೋಗವೂ ಜೊತೆಗೇ ಹತ್ತುತ್ತದೆ. ನೀರು ಬುಡಕ್ಕೆ, ಬೆಳಿಗ್ಗೆ. ಹೂ ಬಿಟ್ಟಾಗ ಹತ್ತು ಗಂಟೆಯ ಹೊತ್ತಿಗೆ ಆಸರೆ ಕೋಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಗಾಳಿಯಾಡದ ಜಗಲಿಯಲ್ಲಿ ಪರಾಗ ಉದುರಿ ಕಾಯಿ ಕಟ್ಟಲು ಅಷ್ಟು ಸಾಕು.

ಹಸಿರಾಗಿದ್ದ ಗಿಡ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಬಾಡಿ, ನೀರು ಹಾಕಿದರೂ ಎದ್ದು ನಿಲ್ಲದಿದ್ದರೆ ದುಂಡಾಣು ಸೊರಗು ಎಂದು ಶಂಕಿಸಿ. ಬುಡದ ಹತ್ತಿರ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಅದರ ತುದಿ ಮುಳುಗುವಂತೆ ಹಿಡಿಯಿರಿ. ಕೆಲವೇ ನಿಮಿಷಗಳಲ್ಲಿ ತುದಿಯಿಂದ ಹಾಲಿನ ಎಳೆಯಂಥದ್ದು ಕೆಳಗಿಳಿದರೆ ಅದೇ ರೋಗ. ಆ ಗಿಡಕ್ಕೆ ಮದ್ದಿಲ್ಲ. ಮಣ್ಣನ್ನೂ ಸೇರಿಸಿ ಮನೆಯಿಂದ ದೂರ ಹಾಕಿ, ಬಕೆಟ್ಟನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತೊಳೆಯಿರಿ. ಅದೇ ಮಣ್ಣಿಗೆ ಬದನೆ, ಮೆಣಸಿನಕಾಯಿ ಹಾಕಿದರೂ ಅವೂ ಸಾಯುತ್ತವೆ, ಎಲ್ಲವೂ ಒಂದೇ ಕುಲ.

ಮಳೆಗಾಲ

ಜೂನ್ ಹತ್ತಿರ ಬಂದಾಗ ಮನೆಯಲ್ಲಿ ಸೌದೆ ಒಳಗೆ ತರುವಂತೆ ನಾನು ಕುಂಡಗಳನ್ನೂ ಒಳಗೆ ತರುತ್ತೇನೆ. ನೆಲದಲ್ಲಿ ಬೆಳೆಯುವವರಿಗೆ ಈ ಭಾಗ್ಯವಿಲ್ಲ. ಮೆಣಸಿನಕಾಯಿ, ಬದನೆ ಗಿಡಗಳು ಎರಡು ಮೂರು ವರ್ಷ ಬದುಕಬಲ್ಲವು. ಅವನ್ನು ಮೇ ಕೊನೆಗೆ ಒಂದಡಿ ಎತ್ತರಕ್ಕೆ ಸವರಿ ಶೀಟಿನ ಕೆಳಗಿಟ್ಟರೆ ಮಳೆಗಾಲವನ್ನು ಮೆಲ್ಲಗೆ ಕಳೆದು ಅಕ್ಟೋಬರ್‌ನಲ್ಲಿ ಹೊಸದಾಗಿ ಚಿಗುರುತ್ತವೆ. ಖಾಲಿಯಾದ ಕುಂಡಗಳನ್ನು ತೆರೆದ ಮಳೆಗೆ ಬಿಡಬೇಡಿ, ಸಾರವೆಲ್ಲ ತೊಳೆದು ಹೋಗುತ್ತದೆ. ಹಳೆಯ ಪ್ಲಾಸ್ಟಿಕ್ ಹೊದಿಸಿ ಮೂಲೆಗೆ ಸೇರಿಸಿ.

ಬೇರೆ ಊರಿನ ತರಕಾರಿಯನ್ನು ಈ ನಾಲ್ಕು ತಿಂಗಳು ಬಲವಂತ ಮಾಡುವುದರಲ್ಲಿ ಅರ್ಥವಿಲ್ಲ. ಈ ಮಳೆಯನ್ನು ಪ್ರೀತಿಸುವ ಗಿಡಗಳು ಬೇಕಾದಷ್ಟಿವೆ. ಕೆಸಕ್ಕೆ ಸೂರಿನ ನೀರೂ ಸೈ. ದೊಡ್ಡ ಟಬ್ಬಿನಲ್ಲಿ ಮೂರು ಗಡ್ಡೆ ಹಾಕಿದರೆ ಪತ್ರೊಡೆಗೆ, ಸಾರಿಗೆ ಎಲೆ ಸಾಕಾಗುತ್ತದೆ. ಹುಳಿ ಹಾಕಿ ಚೆನ್ನಾಗಿ ಬೇಯಿಸಿ, ಗಂಟಲು ತುರಿಸುವುದಿಲ್ಲ. ಬಸಳೆಯನ್ನು ಅತ್ತೆ ಕೊಟ್ಟ ಒಂದು ಗೇಣು ಕಾಂಡದಿಂದ ಬೆಳೆಸಿದೆ, ಹಗ್ಗ ಕಟ್ಟಿದರೆ ಜಗಲಿಯ ಕಂಬವನ್ನು ಹತ್ತಿ ತಾನೇ ಎರಚಲಿಗೆ ತಡೆಯಾಗುತ್ತದೆ. ಚಕ್ರಮುನಿ, ಒಂದೆಲಗ, ಪುದೀನದ ಮಾತೇ ಬಿಡಿ, ಅವುಗಳಿಗೆ ಮಳೆಗಾಲವೇ ಹಬ್ಬ. ಗಾಂಧಾರಿ ಮೆಣಸು ಅರೆನೆರಳಿನಲ್ಲಿ, ಎಂಟು ಹತ್ತು ಲೀಟರಿನ ಕುಂಡದಲ್ಲಿ ವರ್ಷಗಟ್ಟಲೆ ಕಾಯಿ ಕೊಡುತ್ತದೆ.

ಒಂದು ಕುಂಡವನ್ನು ಮದ್ದುಸೊಪ್ಪಿಗೆ ಇಡಿ. ಕೊಡವರ ಕಕ್ಕಡ ತಿಂಗಳ 18ರಂದು, ಅಂದರೆ ಆಗಸ್ಟ್ 3ರ ಸುಮಾರಿಗೆ, ಪಾಯಸಕ್ಕೆಂದು ಪೇಟೆಯಲ್ಲಿ ಕಟ್ಟು ಕೊಳ್ಳುವವರೇ ಈಗ ಹೆಚ್ಚು. ತೋಟದ ಬೇಲಿಯಿಂದ ತಂದ ಕಡ್ಡಿಯನ್ನು ಜೂನ್ ಮಳೆಗೆ ನೆಟ್ಟರೆ ಬೇರು ಬಿಡುತ್ತದೆ, ನೆರಳನ್ನೂ ಸಹಿಸುತ್ತದೆ. ಸೊಪ್ಪನ್ನು ಬೇಯಿಸಿದಾಗ ನೀರು ನೇರಳೆ ಬಣ್ಣಕ್ಕೆ ತಿರುಗುವುದನ್ನು ಮಕ್ಕಳು ತಮ್ಮದೇ ಜಗಲಿಯ ಗಿಡದಿಂದ ನೋಡಲಿ.

ಸೌತೆಯನ್ನು ಶೀಟಿನ ಕೆಳಗೆ ಬೆಳೆಸುವವರಿಗೆ ಒಂದು ತೊಡಕು ಬರುತ್ತದೆ. ಜೋರು ಮಳೆಯಲ್ಲಿ ಜೇನು ಹಾರುವುದಿಲ್ಲ, ಹೀಚು ಹಳದಿಯಾಗಿ ಉದುರುತ್ತದೆ. ಬೆಳಿಗ್ಗೆ ಎಂಟರೊಳಗೆ ನೋಡಿ: ಹಿಂಬದಿಯಲ್ಲಿ ಪುಟ್ಟ ಕಾಯಿ ಹೊತ್ತದ್ದು ಹೆಣ್ಣು ಹೂ, ಬರೀ ತೊಟ್ಟಿರುವುದು ಗಂಡು. ಗಂಡು ಹೂವನ್ನು ಕಿತ್ತು, ಎಸಳು ಬಿಡಿಸಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಒರೆಸಿ. ಎರಡು ದಿನದಲ್ಲಿ ಕಾಯಿ ಕೆಳಮುಖವಾಗಿ ಊದಿಕೊಂಡರೆ ಕೆಲಸ ಆಯಿತು.

ಗಿಡಕ್ಕೆ ಊಟ

ಕುಂಡದ ಗಿಡ ಸಂಬಳದ ಮೇಲೆ ಬದುಕುವ ಮನೆಯಂತೆ, ಹೊರಗಿನಿಂದ ಬಂದದ್ದಷ್ಟೇ ಅದರದ್ದು. ಹದಿನೈದು ದಿನಕ್ಕೊಮ್ಮೆ ಒಂದು ಹಿಡಿ ಎರೆಗೊಬ್ಬರವನ್ನು ಮೇಲ್ಮಣ್ಣಿಗೆ ಕೆದಕಿ ಸೇರಿಸಿ. ಜೀವಾಮೃತವನ್ನು ಇನ್ನೂರು ಲೀಟರಿನ ಡ್ರಮ್ಮಿನಲ್ಲೇ ಮಾಡಬೇಕೆಂದಿಲ್ಲ. ಇಪ್ಪತ್ತು ಲೀಟರ್ ನೀರಿಗೆ ಒಂದು ಕಿಲೋ ನಾಟಿ ಹಸುವಿನ ಸಗಣಿ, ಒಂದು ಲೀಟರ್ ಗಂಜಲ, ಇನ್ನೂರು ಗ್ರಾಂ ಬೆಲ್ಲ, ಇನ್ನೂರು ಗ್ರಾಂ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ತೋಟದ ಮಣ್ಣು. ನೆರಳಿನಲ್ಲಿಟ್ಟು ಬೆಳಿಗ್ಗೆ ಸಂಜೆ ಕೋಲಿನಿಂದ ತಿರುವಿ. ಎರಡು ದಿನಕ್ಕೆ ಸಿದ್ಧ, ವಾರದೊಳಗೆ ಮುಗಿಸಿ. ಸಗಣಿ ಸಿಗದ ಪೇಟೆಯವರು ನೂರು ಗ್ರಾಂ ಕಡಲೆಕಾಯಿ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಮೂರು ದಿನ ನೆನೆಸಿ, ಹತ್ತು ಪಾಲು ನೀರು ಸೇರಿಸಿ ಹಾಕಬಹುದು. ಹೂ ಬಿಡುವ ಹೊತ್ತಿಗೆ ತಿಂಗಳಿಗೊಂದು ಹಿಡಿ ಬೂದಿ. ಮಳೆಗಾಲದಲ್ಲಿ ಗೊಬ್ಬರವನ್ನು ಒಮ್ಮೆಲೇ ಹಾಕದೆ ಅರ್ಧರ್ಧ ಮಾಡಿ ಎರಡು ಸಲ ಕೊಡಿ.

ಅಡುಗೆಮನೆಯ ಸಿಪ್ಪೆಯಿಂದ ಗೊಬ್ಬರ ಮಾಡುವವರು ಒಣ ಎಲೆಯನ್ನು ಜನವರಿಯಿಂದ ಮಾರ್ಚ್‌ವರೆಗೆ ಚೀಲಗಟ್ಟಲೆ ಕೂಡಿಟ್ಟುಕೊಳ್ಳಬೇಕು. ಜುಲೈನಲ್ಲಿ ಒಣ ಎಲೆ ಎಲ್ಲಿಂದ ಬರಬೇಕು? ಒಣದ್ದಿಲ್ಲದ ಬಕೆಟ್ಟು ನಾರುತ್ತದೆ.

ಚಳಿಗಾಲ, ಬೇಸಿಗೆಯಲ್ಲಿ ನೀರು ಹಾಕಲು ಗಡಿಯಾರ ನೋಡಬೇಡಿ. ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ, ತುದಿಗೆ ತಂಪು ತಾಗಿದರೆ ಆ ದಿನ ನೀರು ಬೇಡ.

ರೋಗ, ಹುಳು, ಕೋತಿ

ಶಿಲೀಂಧ್ರ ರೋಗ ತಡೆಯುವ ಬೋರ್ಡೋ ದ್ರಾವಣ ಕೊಡಗಿನ ಮನೆಮಾತು. ಒಂದು ಲೀಟರಿಗೆ ಬೇಕಾದದ್ದು ಹತ್ತು ಗ್ರಾಂ ಮೈಲುತುತ್ತ (ಕಾಪರ್ ಸಲ್ಫೇಟ್), ಹತ್ತು ಗ್ರಾಂ ಸುಣ್ಣ. ಎರಡನ್ನೂ ಬೇರೆಬೇರೆ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಅರ್ಧರ್ಧ ಲೀಟರ್ ನೀರಿನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಿರಿ. ಉಜ್ಜಿದ ಕತ್ತಿಯ ತುದಿಯನ್ನು ಒಂದು ನಿಮಿಷ ಅದ್ದಿ ನೋಡಿ, ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಅದೇ ದಿನ ಬಳಸಿ. ಟೊಮೆಟೊಗೆ ಮೋಡ ಕವಿದ ದಿನಗಳ ಮೊದಲೇ ಎಲೆಯ ಎರಡೂ ಬದಿಗೆ ಸಿಂಪಡಿಸಿದರೆ ಅಂಗಮಾರಿ ದೂರವಿರುತ್ತದೆ. ಬಂದ ಮೇಲೆ ಹೊಡೆದು ಪ್ರಯೋಜನ ಕಡಿಮೆ. ಸಿಂಪಡಿಸಿ ಹತ್ತು ದಿನ ಕಾಯಿ ಕೀಳಬೇಡಿ, ತೊಳೆಯದೆ ತಿನ್ನಬೇಡಿ, ಸೊಪ್ಪಿಗೆ ಎಂದಿಗೂ ಬೇಡ. ಟ್ರೈಕೋಡರ್ಮಾ ಹಾಕಿದ ಮಣ್ಣಿಗೆ ಇದು ಸುರಿಯದಂತೆ ನೋಡಿಕೊಳ್ಳಿ, ತಾಮ್ರ ಆ ಒಳ್ಳೆಯ ಶಿಲೀಂಧ್ರವನ್ನೂ ಕೊಲ್ಲುತ್ತದೆ.

ಹೇನು, ಬಿಳಿನೊಣ, ಮೆಣಸಿನ ಎಲೆ ಮುರುಟುವ ನುಸಿಗೆ ಒಂದು ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ. ಸಂಜೆ, ಎಲೆಯ ಅಡಿಭಾಗಕ್ಕೆ. ವಾರಕ್ಕೊಮ್ಮೆ ಮೂರು ಸಲ.

ಬಸವನಹುಳು ನಮ್ಮ ಮಳೆಗಾಲದ ನಿಜವಾದ ಕಳ್ಳ. ಶನಿವಾರಸಂತೆ ಭಾಗದ ತೋಟಗಳನ್ನು ಕಾಡಿದ ಆಫ್ರಿಕಾದ ದೊಡ್ಡ ಬಸವನಹುಳು ಜಗಲಿಗೂ ಹತ್ತುತ್ತದೆ. ಸಂಜೆ ಒದ್ದೆ ಗೋಣಿಯ ಕೆಳಗೆ ಪಪಾಯಿ ಎಲೆ, ಕೋಸಿನ ಸಿಪ್ಪೆ ಇಟ್ಟು ಬೆಳಿಗ್ಗೆ ಗೋಣಿ ಎತ್ತಿ ನೋಡಿ, ಎಲ್ಲವೂ ಅಲ್ಲೇ ಕೂತಿರುತ್ತವೆ. ಬರಿಗೈಯಿಂದ ಮುಟ್ಟದೆ ಗ್ಲೌಸ್ ಹಾಕಿ ಆರಿಸಿ ಗಟ್ಟಿ ಉಪ್ಪುನೀರಿಗೆ ಹಾಕಿ. ಮಣ್ಣಿನ ಮೇಲೆ ಉಪ್ಪು ಚೆಲ್ಲಬೇಡಿ, ಗಿಡವೇ ಸಾಯುತ್ತದೆ.

ಕೋತಿಗೆ ನಾನು ಕಂಡ ಒಂದೇ ದಾರಿ ಬಲೆ. ಬಲೆ ಕಟ್ಟಲಾಗದ ಕಡೆ ಕೆಸ, ಗಾಂಧಾರಿ, ದೊಡ್ಡಪತ್ರೆ ಇಡಿ, ನಮ್ಮ ಮನೆಯಲ್ಲಿ ಅವನ್ನು ಕೋತಿ ಮುಟ್ಟಿದ್ದಿಲ್ಲ.

ಹಳೆಯ ಮಣ್ಣನ್ನು ಮತ್ತೆ ಸಿದ್ಧ ಮಾಡುವುದು

ಫೆಬ್ರವರಿ ಕೊನೆಗೆ ಚಳಿಗಾಲದ ಬೆಳೆ ಮುಗಿದ ಕುಂಡಗಳ ಮಣ್ಣನ್ನು ಬಿಸಿಲಿರುವ ಕಡೆ ಹರಡಿ, ಬೇರಿನ ತುಂಡುಗಳನ್ನು ಆರಿಸಿ, ತುಸು ನೀರು ಚಿಮುಕಿಸಿ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಅಂಚುಗಳಿಗೆ ಕಲ್ಲಿಡಿ. ಅರ್ಧ ಅಡಿಗಿಂತ ದಪ್ಪ ಹರಡಬೇಡಿ. ಮೂರು ನಾಲ್ಕು ವಾರದ ಮಾರ್ಚ್ ಬಿಸಿಲಿಗೆ ಒಳಗೆ ಕಾವು ಏರಿ, ಬೇರುಗಂಟು ಮಾಡುವ ಜಂತು, ಕಳೆಬೀಜ, ಕೊಳೆಯ ಶಿಲೀಂಧ್ರ ಬಹುಪಾಲು ನಾಶವಾಗುತ್ತವೆ. ಪ್ಲಾಸ್ಟಿಕ್ ತೆಗೆದ ಮೇಲೆ ಮೂರರಲ್ಲೊಂದು ಪಾಲು ಹೊಸ ಗೊಬ್ಬರ, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ, ಒಂದು ಚಮಚ ಸುಣ್ಣ ಸೇರಿಸಿ. ವಾರ ಬಿಟ್ಟು ಟ್ರೈಕೋಡರ್ಮಾ ಬೆರೆಸಿ. ಟೊಮೆಟೊ ಇದ್ದ ಮಣ್ಣಿಗೆ ಈ ಸಲ ಅಲಸಂದೆ, ಬೀನ್ಸ್ ಇದ್ದದ್ದಕ್ಕೆ ಬದನೆ. ಯಾವ ಕುಂಡದಲ್ಲಿ ಏನಿತ್ತು ಎಂಬುದು ನೆನಪಿನಲ್ಲಿ ಉ‍ಳಿಯುವುದಿಲ್ಲ, ಬಕೆಟ್ಟಿನ ಹೊರಮೈಗೆ ಬಣ್ಣದಲ್ಲಿ ಒಂದು ಸಂಖ್ಯೆ ಬರೆದು, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬಿತ್ತಿದ ದಿನದ ಚೌಕದೊಳಗೆ ಆ ಸಂಖ್ಯೆಯನ್ನೂ ಬೆಳೆಯ ಹೆಸರನ್ನೂ ಗುರುತಿಸಿಡಿ.